ದಾರಿ ಹೇಳಿದ್ದು

ಕಳೆದ ಶ್ರಾವಣದಲ್ಲಿ ನಾನೊಂದು ಸುಳ್ಳು ಹೇಳಿದೆ. ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ ‘ಸುಳ್ಳು ಹೇಳಬಾರದು’ ಎಂದು ಕಲಿಸುತ್ತ ಬಂದವಳು, ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಹತ್ತು ಜನರ ಎದುರಿಗೆ, ಒಂದಿಷ್ಟೂ ತಡವರಿಸದೆ ಹೇಳಿಬಿಟ್ಟೆ.

ಹುಬ್ಬಳ್ಳಿ ಬಸ್ಸಿನಿಂದ ಇಳಿದ ಒಬ್ಬ ತರುಣ, ಅವನ ಹೆಂಡತಿ, ಅವಳ ಸೊಂಟದ ಮೇಲೆ ಮೂರೋ ನಾಲ್ಕೋ ವರ್ಷದ ಹುಡುಗಿ. ಮಗುವಿನ ಕೊರಳಲ್ಲಿ ಹಸಿರು ಬಣ್ಣದ ನೀರಿನ ಬಾಟಲಿ ನೇತಾಡುತ್ತಿತ್ತು. ಆ ಹೆಂಗಸು ನೇರವಾಗಿ ನನ್ನ ಬಳಿಗೇ ಬಂದಳು. ನನ್ನ ಸೀರೆ, ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಟ್ಟು ನೋಡಿ ಇವರು ಟೀಚರೇ ಇರಬೇಕು, ಸರಿಯಾಗಿ ಹೇಳುತ್ತಾರೆ ಅಂದುಕೊಂಡಿರಬೇಕು. “ಇಲ್ಲೆ ಕಾಡಿನಾಗ ಮಳೆಗಾಲದಾಗ ಅಷ್ಟ ಬೀಳೋ ಒಂದು ಫಾಲ್ಸ್ ಐತಂತಲ್ಲ್ರೀ, ಹೆಂಗ ಹೋಗೂದ್ರೀ ಅಕ್ಕಾರ?” ಎಂದು ಊರಿನ ಹೆಸರನ್ನೂ ಹೇಳಿ ಕೇಳಿದಳು. ನಾನು ಅವಳ ಮುಖವನ್ನೇ ನೋಡಿ, “ನನಗೆ ಗೊತ್ತಿಲ್ಲಮ್ಮಾ” ಅಂದೆ.

ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ಹೋಗಿ ಬರುವಷ್ಟು ಗೊತ್ತಿತ್ತು. ಆದರೂ ಯಾಕೆ ಹೇಳಲಿಲ್ಲ, ಹೇಳದೇ ಇದ್ದದ್ದು ಸರಿಯೇ ತಪ್ಪೇ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ. ಗೆಳತಿಯೊಬ್ಬಳ ಮುಂದೆ ಹೇಳಿಕೊಂಡಾಗ ಅವಳು ನಕ್ಕುಬಿಟ್ಟಳು. “ಒಂದು ಜಲಪಾತದ ದಾರಿ ಹೇಳಲಿಲ್ಲ ಅಂತ ಇಷ್ಟು ತಲೆ ಕೆಡಿಸಿಕೊಳ್ಳೋದಾ?” ಎಂದಳು. ಅವಳಿಗೆ ಪೂರ್ತಿ ಕಥೆ ಗೊತ್ತಿಲ್ಲ. ಅದನ್ನು ಮೊದಲಿನಿಂದ ಹೇಳಿದರೆ ನಿಮಗೂ ನನ್ನ ಸಂಕಟ ಅರ್ಥವಾದೀತು.

ಆ ಕಾಡಿನ ಸೆರಗಿನ ಊರೊಂದರ ಹೈಸ್ಕೂಲಿನಲ್ಲಿ ನಾನು ಹನ್ನೆರಡು ವರ್ಷ ಕೆಲಸ ಮಾಡಿದೆ. ಮಧ್ಯಾಹ್ನದ ಬಿಸಿಯೂಟ ಹೈಸ್ಕೂಲಿಗೂ ಬಂದ ಮೇಲೆ ಅಡುಗೆಗೆಂದು ಬಂದವಳು ಒಬ್ಬಾಕೆ. ಹೆಸರು ಬೇರೆ ಇತ್ತು, ಊರಿಗೆಲ್ಲ ಆಕೆ ದೊಡ್ಡಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಕರೆಯುವಂತೆ ನನ್ನನ್ನು ‘ಅಕ್ಕೋರು’ ಅನ್ನುತ್ತಿದ್ದಳು. 2008ರ ಶ್ರಾವಣದಲ್ಲಿ ಒಂದು ದಿನ ಅಕ್ಕಿ ಆರಿಸುತ್ತ ಕೂತಿದ್ದಾಗ, “ಅಕ್ಕೋರೇ, ಬರು ಆಯ್ತವಾರ ಅಬ್ಬಿ ನೋಡೂಕೆ ಹೋಗ್ತೆ. ನೀವೂ ಬತ್ರಾ?” ಎಂದಳು. ಬೆಟ್ಟದಿಂದ ಬೀಳುವ ನೀರಿಗೆ ಮಲೆನಾಡಿನಲ್ಲಿ ಅಬ್ಬಿ ಎನ್ನುವುದು ನಿಮಗೂ ಗೊತ್ತಿರಬಹುದು. ನಾನು ಕೇಳಿದ ಮೊದಲ ಪ್ರಶ್ನೆ, “ಅಲ್ಲಿ ಏನು ಕೆಲಸ?” ಆಕೆ, “ಕೆಲ್ಸ ಎಂತದು? ನೋಡೂದು, ಬರೂದು” ಎಂದಳು.

ಈ ಉತ್ತರ ನನ್ನನ್ನು ತಬ್ಬಿಬ್ಬು ಮಾಡಿತು. ಯೋಚಿಸಿ ನೋಡಿ, ನಾವು ಹೆಂಗಸರು ‘ಸುಮ್ಮನೆ ನೋಡಲು’ ಎಲ್ಲಿಗಾದರೂ ಹೋಗಿದ್ದು ಎಷ್ಟು ಸಲ? ದೇವಸ್ಥಾನಕ್ಕೆ ಹೋದರೆ ಹರಕೆ, ತವರಿಗೆ ಹೋದರೆ ಬಾಣಂತನ, ಪೇಟೆಗೆ ಹೋದರೆ ಸಾಮಾನು. ಆ ಊರಿನ ಹೆಂಗಸರು ದಿನಾ ಕಾಡಿಗೆ ಹೋಗುವವರೇ. ಆದರೆ ಸೌದೆಗೆ, ತೋಟಕ್ಕೆ ಹಾಕುವ ಸೊಪ್ಪಿಗೆ, ದರಕಿಗೆ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವುದು ದೊಡ್ಡಕ್ಕನಿಗೂ ವರ್ಷಕ್ಕೆ ಒಂದೇ ದಿನ. ಮನೆಯಲ್ಲಿ ಅತ್ತೆಗೆ ‘ಶಾಲೆಯ ಕೆಲಸ’ ಎಂದು ಹೇಳಿ ಹೊರಟೆ. ಈಗ ನೆನಪಾಗುತ್ತಿದೆ, ಆ ಅಬ್ಬಿಗಾಗಿ ನಾನು ಹೇಳಿದ ಮೊದಲ ಸುಳ್ಳು ಅದೇ!

ಬೆಳಿಗ್ಗೆ ಏಳಕ್ಕೆ ಹೊರಟೆವು. ನನ್ನ ಬಳಿ ಕೊಡೆ, ಆಕೆಯ ತಲೆಯ ಮೇಲೆ ಕಂಬಳಿಕೊಪ್ಪೆ. ಉಂಬಳ ಹತ್ತದಂತೆ ಹೊಗೆಸೊಪ್ಪು, ಸುಣ್ಣ ಅರೆದು ಕಾಲಿಗೆಲ್ಲ ಹಚ್ಚಿದಳು. ಮೊದಲ ಅರ್ಧ ಗಂಟೆ ಸಾಲಾಗಿ ನೆಟ್ಟ ಸಾಗುವಾನಿ ತೋಪು. ಮಳೆಗಾಲ ಸಾಗುವಾನಿ ಹೂ ಬಿಡುವ ಕಾಲ. ದಾರಿಯ ತುಂಬ ಅಕ್ಕಿ ಚೆಲ್ಲಿದ ಹಾಗೆ ಸಣ್ಣ ಬಿಳಿ ಹೂ ಉದುರಿತ್ತು. ದೊಡ್ಡಕ್ಕ ಒಂದು ಎಳೆಯ ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟು ತಿಕ್ಕಿದಳು. ಕೈ ಗೋರಂಟಿ ಹಚ್ಚಿದಂತೆ ಕೆಂಪಾಯಿತು. ಪ್ರೌಢಶಾಲೆಯ ಟೀಚರಾದ ನನಗೆ ಅದು ಗೊತ್ತಿರಲಿಲ್ಲ. ಶಾಲೆಗೇ ಹೋಗದ ಆಕೆ ನನಗೆ ಪಾಠ ಮಾಡುತ್ತಿದ್ದಳು.

ತೋಪು ದಾಟಿದ ಮೇಲೆ ಹಳೆಯ ಕಾಡು. ಮೊಸಳೆಯ ಚರ್ಮದಂಥ ತೊಗಟೆಯ ಮತ್ತಿ, ನುಣುಪಾಗಿ ಬೆಳ್ಳಗೆ ನಿಂತ ನಂದಿ, ಗಾಯವಾದರೆ ರಕ್ತದ ಹಾಗೆ ಕೆಂಪು ಸೋನೆ ಒಸರುವ ಹೊನ್ನೆ, ನಡುನಡುವೆ ಬೀಟೆ, ಜಂಬೆ, ಕಿಂದಳ. ಎಲ್ಲವೂ ಗಟ್ಟಿ ಮರಗಳೇ. ನಮ್ಮ ಮನೆಗಳ ತೊಲೆ, ಬಾಗಿಲು, ತೊಟ್ಟಿಲು ಎಲ್ಲ ಇವುಗಳಿಂದಲೇ ಬಂದವು. ದೊಡ್ಡಕ್ಕ ಕಾಲಿನಿಂದ ನೆಲ ಕೆದರಿ ತೋರಿಸಿದಳು. ಸಾಗುವಾನಿಯ ಅಗಲವಾದ ಎಲೆಯಿಂದ ಬೀಳುವ ದಪ್ಪ ಹನಿ ಮಣ್ಣನ್ನು ಕೊರೆಯುತ್ತದೆ, ಅಲ್ಲಿ ನೆಲ ಗಟ್ಟಿ, ಬೋಳು. ಇಲ್ಲಾದರೆ ಗೇಣುದ್ದ ಕೊಳೆತ ಎಲೆಯ ಹಾಸಿಗೆ. ಮಳೆಯ ನೀರು ಈ ಹಾಸಿಗೆಯಲ್ಲಿ ಇಂಗಿ, ನಿಧಾನವಾಗಿ ಹಳ್ಳಕ್ಕೆ ಇಳಿಯುತ್ತದೆ. “ಮಳೆ ನಿಂತ್ರೂ ಅಬ್ಬಿ ಪುಷ್ಯದವರೆಗೆ ಬೀಳ್ತದಲ್ಲ, ಅದು ಈ ದರಕು ಹಿಡ್ಕಂಡ ನೀರು” ಎಂದಳು. ನಮ್ಮ ಪಠ್ಯಪುಸ್ತಕದಲ್ಲಿ ಎರಡು ಪುಟ ತೆಗೆದುಕೊಂಡದ್ದನ್ನು ಆಕೆ ಒಂದು ಮಾತಿನಲ್ಲಿ ಮುಗಿಸಿದಳು.

ಒಂದು ತಿರುವಿನಲ್ಲಿ ದೊಡ್ಡಕ್ಕ ಚಪ್ಪಲಿ ಬಿಟ್ಟಳು. ನಾನೂ ಬಿಟ್ಟೆ. ಅಲ್ಲಿಂದ ಮುಂದೆ ಚಪ್ಪಲಿ ಹಾಕುವುದಿಲ್ಲ. ಮೊದಲು ಸದ್ದು, ಆಮೇಲೆ ಮುಖಕ್ಕೆ ತಂಪು ಗಾಳಿ, ಕೊನೆಗೆ ಮರಗಳ ಸಂದಿನಲ್ಲಿ ಬಿಳಿಯ ಪಟ್ಟಿ. ನಾಲ್ಕಾಳು ಎತ್ತರದ ಕಪ್ಪು ಬಂಡೆಯ ಮೇಲಿನಿಂದ ನೀರು ಎರಡು ಸೀಳಾಗಿ ಇಳಿದು, ಕೆಳಗೆ ಒಂದಾಗಿ ಹರಿಯುತ್ತಿತ್ತು. ಸಿಳ್ಳೆ ಹಾಕುವ ಹಕ್ಕಿಯೊಂದು ಎಲ್ಲೋ ಕೂತು, ಶಾಲೆಗೆ ತಡವಾದ ಹುಡುಗ ಹಾಡಿಕೊಂಡು ಹೋಗುವ ಹಾಗೆ, ಅರ್ಧಂಬರ್ಧ ರಾಗ ತೆಗೆಯುತ್ತಿತ್ತು. ಬುಡದಲ್ಲಿದ್ದ ಒಂದು ಕಲ್ಲಿಗೆ ದೊಡ್ಡಕ್ಕ ಎಲೆ, ಅಡಿಕೆ, ಒಂದು ಚೂರು ಕಾಯಿ ಇಟ್ಟಳು. ನಾವಿಬ್ಬರೂ ಒಂದು ಗಂಟೆ ಮಾತಿಲ್ಲದೆ ಕೂತೆವು. ಯಾರಿಗೂ ಬಡಿಸುವುದಿರಲಿಲ್ಲ, ಯಾರ ಗಂಟೆಯೂ ಹೊಡೆಯಲಿಲ್ಲ. ನನ್ನ ವಯಸ್ಸಿನಲ್ಲಿ ಅಂಥ ಒಂದು ಗಂಟೆ ನನ್ನದಾಗಿ ಸಿಕ್ಕಿದ್ದು ಅದೇ ಮೊದಲು.

ಬರುವಾಗ ಆಕೆ ಹೇಳಿದ್ದು ಒಂದೇ ಮಾತು: “ಅಕ್ಕೋರೇ, ನೀವು ಬಂದ್ರಿ, ಚೊಲೋ ಆತು. ಪ್ಯಾಟೆಯವ್ರಿಗೆಲ್ಲ ಹೇಳೂಕೆ ಹೋಗ್ಬ್ಯಾಡಿ. ಕೆಳಗಿನ ನಾಕು ಮನೆಗೆ ಕುಡಿಯೂ ನೀರು ಇದೇಯ.” ನಿಜ, ಅಬ್ಬಿಯ ಕೆಳಗಿನಿಂದ ಪೈಪು ಹಾಕಿ ಆ ಮನೆಗಳಿಗೆ ನೀರು ಒಯ್ದಿದ್ದರು. ನಾನು ‘ಹೂಂ’ ಎಂದೆ. ಮಾತು ಕೊಡುತ್ತಿದ್ದೇನೆ ಎಂದು ಆಗ ಅನ್ನಿಸಲಿಲ್ಲ.

ಆಮೇಲೆ ಪ್ರತಿ ವರ್ಷ ಹೋದೆವು. ಒಮ್ಮೆ ಮಾರ್ಚಿನಲ್ಲಿ ಮಕ್ಕಳೊಡನೆ ಆ ದಿಕ್ಕಿಗೆ ಹೋದಾಗ ನಾನು ಅಬ್ಬಿಯನ್ನು ಗುರುತಿಸಲೇ ಇಲ್ಲ. ಮತ್ತಿ, ನಂದಿ ಎಲೆ ಉದುರಿಸಿ ಬೋಳಾಗಿದ್ದವು, ಕಾಲಡಿಯಲ್ಲಿ ಒಣಗಿದ ಸಾಗುವಾನಿ ಎಲೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಎದುರಿಗೆ ಕಪ್ಪು ಗೆರೆ ಬಿದ್ದ ಒಣ ಬಂಡೆ. ಆರು ತಿಂಗಳು ಇಲ್ಲದೇ ಇರುವುದು ಉಳಿದ ಆರು ತಿಂಗಳು ಅಷ್ಟು ಸಂಭ್ರಮದಿಂದ ಇರುತ್ತದಲ್ಲ ಎಂದು ಆಶ್ಚರ್ಯವಾಯಿತು.

2016ರಲ್ಲಿ ನನಗೆ ಪೇಟೆಯ ಶಾಲೆಗೆ ವರ್ಗವಾಯಿತು. ಮರುವರ್ಷ ಮಗ ಹೊಸ ಫೋನು ಕೊಡಿಸಿದ. ಆ ಶ್ರಾವಣದಲ್ಲಿ ಅಬ್ಬಿಯ ಚಿತ್ರ ತೆಗೆದು ನಮ್ಮ ಬಿಎಡ್ ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದೆ. ‘ಎಲ್ಲೇ ಇದು?’ ‘ಸ್ವರ್ಗ ಕಣೇ!’ ‘ನಮಗೂ ಹೇಳೇ!’ ಎಂದು ಸಂಜೆಯವರೆಗೂ ಬಂದದ್ದೇ ಬಂದದ್ದು. ಬಿಎಡ್ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನ್ನನ್ನು ಯಾರೂ ಅಷ್ಟು ವಿಚಾರಿಸಿದವರಲ್ಲ. ನಾನು ಟೀಚರಲ್ಲವೇ, ಅಚ್ಚುಕಟ್ಟಾಗಿ ಬರೆದೆ: ಯಾವ ತಿರುವು, ಯಾವ ಗದ್ದೆಯ ಬದು, ಎಲ್ಲಿಯವರೆಗೆ ಗಾಡಿ ಹೋಗುತ್ತದೆ, ಎಲ್ಲವನ್ನೂ. ಅದು ಅಲ್ಲಿಂದ ಯಾರ ಯಾರ ಫೋನಿಗೆ ಹಾರಿತೋ ನಾನರಿಯೆ.

2018ರ ಮಳೆಗಾಲದಲ್ಲಿ ಭಾನುವಾರ ಬಂತೆಂದರೆ ಗದ್ದೆಯ ಬದಿಗೆ ಕಾರು, ಬೈಕು ಸಾಲುಗಟ್ಟತೊಡಗಿದವು. ಸ್ನಾನ, ಅಲ್ಲೇ ಅಡುಗೆ, ಅಲ್ಲೇ ಕುಡಿತ. ಬಂಡೆಯ ಮೇಲೆ ಬಣ್ಣದಲ್ಲಿ ಹೆಸರುಗಳು. ಯಾರೋ ಪೈಪು ಕಿತ್ತಿದ್ದರು. ಶ್ರಾವಣದ ತನ್ನ ಒಂದು ದಿನಕ್ಕೆ ದೊಡ್ಡಕ್ಕ ಎಂದಿನಂತೆ ಹೋದಳು. ಆ ವರ್ಷ ನನಗೆ ರಜೆ ಸಿಕ್ಕಿರಲಿಲ್ಲ. ಎಂದಿನಂತೆ ಆ ತಿರುವಿನಲ್ಲಿ ಚಪ್ಪಲಿ ಬಿಟ್ಟಳು. ಎಲೆಹಾಸಿನ ಕೆಳಗೆ ಒಡೆದ ಬಿಯರ್ ಬಾಟಲಿಯಿತ್ತು. ಅಂಗಾಲು ಸೀಳಿ ಏಳು ಹೊಲಿಗೆ ಬಿದ್ದವು. ಗಾಯ ಕೀವಾಗಿ ಒಂದು ತಿಂಗಳು ಅಡುಗೆಗೆ ಬರಲಾಗಲಿಲ್ಲ. ಬಾರದ ದಿನಗಳ ಗೌರವಧನವೂ ಇಲ್ಲ.

ನಾನು ಮೂಸಂಬಿ ಹಿಡಿದು ನೋಡಲು ಹೋದೆ. ಆಕೆ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದಳು. “ಯಾರೋ ಪ್ಯಾಟೆಯವ್ರು ಅಕ್ಕೋರೇ, ಎಂತ ಮಾಡೂದು” ಎಂದಳು. ನಾನು ಏನೂ ಹೇಳದೆ ಚಾ ಕುಡಿದು ಬಂದೆ. ಆ ಚಾ ಇವತ್ತಿಗೂ ಗಂಟಲಲ್ಲೇ ಇದೆ.

ಈಗ ಹೇಳಿ, ತಪ್ಪು ಯಾರದು? ಬಾಟಲಿ ಒಡೆದವಳು ನಾನಲ್ಲ. ನಾನು ಹೇಳಿದ್ದು ದಾರಿಯನ್ನು ಮಾತ್ರ. ಚಾಕು ಮಾರಿದವನನ್ನು ಕೊಲೆಗಾರ ಎನ್ನುತ್ತೇವೆಯೇ? ಬಹಳ ದಿನ ನಾನು ಹೀಗೆಯೇ ಸಮಾಧಾನ ಮಾಡಿಕೊಂಡೆ. ಆದರೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ “ನಾನು ಬರೀ ಹೇಳಿಕೊಟ್ಟೆ ಟೀಚರ್, ಹೊಡೆದದ್ದು ಅವನು” ಎಂದಾಗ ನಾವು ಒಪ್ಪುವುದಿಲ್ಲವಲ್ಲ! ಯಾರಿಗೆ ಹೇಳುತ್ತಿದ್ದೇನೆ, ಅದರಿಂದ ಏನಾದೀತು ಎಂದು ಯೋಚಿಸುವಷ್ಟು ವಯಸ್ಸು ನನಗಾಗಿತ್ತು. ಮೇಲಾಗಿ ಬೇಡ ಎಂದವಳಿಗೆ ‘ಹೂಂ’ ಎಂದಿದ್ದೆ.

ಹಾಗಾದರೆ ಹೇಳದೇ ಇರುವುದೇ ಧರ್ಮವೇ? ಇಲ್ಲಿಯೂ ನನಗೆ ಸಮಾಧಾನವಿಲ್ಲ. ‘ಹೇಳಬೇಡ’ ಎಂಬ ಮಾತನ್ನು ಕಂಡರೆ ಟೀಚರಾದವಳಿಗೆ ಅನುಮಾನ ಬರಲೇಬೇಕು. ಅಕ್ಷರವನ್ನು ಹೆಂಗಸರಿಗೆ ಹೇಳಬೇಡ ಎಂದ ನಾಡು ನಮ್ಮದು. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಕಲಿಸಲು ಹೊರಟಾಗ ಬೀದಿಯಲ್ಲಿ ಸೆಗಣಿ ಎರಚಿದರು. ಅವರಂಥವರು ಆ ‘ಹೇಳಬೇಡ’ವನ್ನು ಮೀರಿದ್ದರಿಂದ ತಾನೇ ನಾನು ಬಿಎ ಬಿಎಡ್ ಎಂದು ಬರೆದುಕೊಳ್ಳುವುದು? ಇನ್ನು ನೀರಿನ ಮಾತು. ಮುಟ್ಟಿದರೆ ಕೆಡುತ್ತದೆ ಎಂದು ಕೆರೆಬಾವಿಗಳನ್ನು ಎಷ್ಟು ಜನರಿಂದ ದೂರ ಇಟ್ಟೆವು! ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಕುಡಿಯಲು 1927ರಲ್ಲಿ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದು ಹೋಗಬೇಕಾಯಿತು. ಹೀಗಿರುವಾಗ, ‘ಈ ಅಬ್ಬಿ ನಮ್ಮಂಥವರಿಗೆ ಮಾತ್ರ, ಹೊರಗಿನವರು ಕೆಡಿಸುತ್ತಾರೆ’ ಎಂದು ನಾನು ಬಾಯಿ ಮುಚ್ಚಿಕೊಂಡರೆ ಅದೇ ಹಳೆಯ ಮಾತಿನ ಹೊಸ ರೂಪ ಆಗುವುದಿಲ್ಲವೇ?

ಈ ಪ್ರಶ್ನೆಯನ್ನು ನಾನು ಸುಲಭದಲ್ಲಿ ದಾಟಲಿಲ್ಲ. ಕೊನೆಗೆ ನನಗೆ ತೋರಿದ್ದು ಇಷ್ಟು. ಕೆರೆಯ ವಿಷಯದಲ್ಲಿ ಬೇಡ ಎಂದವರು ಬಲವುಳ್ಳವರು, ಬೇಡ ಎನ್ನಿಸಿಕೊಂಡವರು ಬಾಯಾರಿದವರು, ಮತ್ತು ಅವರು ಮುಟ್ಟಿದ್ದರಿಂದ ನೀರು ಕೆಡುವುದೇನೂ ಇರಲಿಲ್ಲ. ಇಲ್ಲಿ ಬೇಡ ಎಂದವಳು ಬಿಸಿಯೂಟ ಬೇಯಿಸುವ ದೊಡ್ಡಕ್ಕ. ಬಂದವರು ಕಾರಿನವರು. ಕೆಟ್ಟದ್ದು ನಾಲ್ಕು ಮನೆಯವರು ಕುಡಿಯುವ ನೀರು. ಅಕ್ಷರವಾದರೋ ದೀಪದಿಂದ ದೀಪ ಹಚ್ಚಿದಂತೆ, ಹಂಚಿದರೆ ಹೆಚ್ಚುತ್ತದೆ. ನೆಲ ಹಾಗಲ್ಲ, ತುಳಿದಷ್ಟೂ ಸವೆಯುತ್ತದೆ. ಜೋಗ 830 ಅಡಿ ಎತ್ತರದ್ದು. ಅಲ್ಲಿ ಕಟಕಟೆ ಇದೆ, ಮೆಟ್ಟಿಲಿದೆ, ಪೊಲೀಸರಿದ್ದಾರೆ, ಸಾವಿರಾರು ಜನರನ್ನು ತಾಳಿಕೊಳ್ಳುತ್ತದೆ. ನಾಲ್ಕಾಳೆತ್ತರದ ಈ ಅಬ್ಬಿಗೆ ಆ ಶಕ್ತಿಯಿಲ್ಲ. ಈಗ ಸರ್ಕಾರವೂ ಈ ಲೆಕ್ಕ ಹಾಕಬೇಕಾಗಿ ಬಂದಿದೆ. 2024ರ ಜನವರಿಯ ಕೊನೆಯ ರಜೆಗಳಲ್ಲಿ ಕುಮಾರಪರ್ವತಕ್ಕೆ ಒಮ್ಮೆಗೇ ಸಾವಿರಾರು ಜನ ನುಗ್ಗಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಕೆಲಕಾಲ ನಿಲ್ಲಿಸಿದ್ದನ್ನು ನೀವೂ ಪತ್ರಿಕೆಯಲ್ಲಿ ಓದಿರಬಹುದು.

ಆದರೆ ಸುಮ್ಮನಿದ್ದರೆ ಕಾಡು ಉಳಿಯುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಕಡಿಯಲಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ‘ಅಪ್ಪಿಕೋ’ ಚಳವಳಿ. ನಾನಾಗ ಶಾಲೆಯ ಹುಡುಗಿ. ಅವರು ‘ನಮ್ಮ ಕಾಡಿನ ವಿಷಯ ನಮ್ಮಲ್ಲೇ ಇರಲಿ’ ಎಂದು ಬಾಯಿ ಮುಚ್ಚಿಕೊಂಡಿದ್ದರೆ ಆ ಮರಗಳು ಲಾರಿ ಹತ್ತಿ ಹೋಗುತ್ತಿದ್ದವು. ಊರೂರಿಗೆ ಹೇಳಿದ್ದರಿಂದಲೇ ಉಳಿದವು. ಅಂದರೆ ಹೇಳುವುದರಲ್ಲೂ ಎರಡು ಬಗೆ ಇದೆ ಎಂದಾಯಿತು. ಅವರು ಹೇಳಿದ್ದು ಮರಕ್ಕಾಗಿ. ನಾನು ಹೇಳಿದ್ದು? ನಿಜ ಹೇಳಬೇಕೆಂದರೆ ನನಗಾಗಿ. ‘ಇವಳಿಗೆ ಗೊತ್ತಿದೆ’ ಎನ್ನಿಸಿಕೊಳ್ಳುವ ಸುಖಕ್ಕಾಗಿ.

ಈ ಸುಖ ನನ್ನೊಬ್ಬಳದೇ ಅಲ್ಲ ಎನ್ನಿ. ಅಘನಾಶಿನಿಯ ಉಂಚಳ್ಳಿ ಜಲಪಾತಕ್ಕೆ ಲುಷಿಂಗ್ಟನ್ ಫಾಲ್ಸ್ ಎಂಬ ಹೆಸರೂ ಇದೆ. 1845ರಲ್ಲಿ ಲುಷಿಂಗ್ಟನ್ ಎಂಬ ಬ್ರಿಟಿಷ್ ಕಲೆಕ್ಟರ್ ಅದನ್ನು ‘ಕಂಡುಹಿಡಿದ’ನಂತೆ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಎಂದು ಊರವರು ಅದನ್ನು ಕೆಪ್ಪ ಜೋಗ ಎಂದು ಕರೆಯುತ್ತಾರೆ. ಕಿವಿ ಇಟ್ಟು ಕೇಳಿದವರು ಕೊಟ್ಟ ಹೆಸರು ಅದು. ಆದರೂ ಪೇಟೆಗೆ ಗೊತ್ತಾದ ದಿನವೇ ಅದು ಹುಟ್ಟಿದ ದಿನವಾಯಿತು. ನಾನು ಫೋನಿನಲ್ಲಿ ಚಿತ್ರ ಹಾಕಿದಾಗ ಗೆಳತಿಯೊಬ್ಬಳು, “ಒಳ್ಳೇ ಜಾಗ ಕಂಡುಹಿಡಿದೆ ಮಾರಾಯ್ತಿ” ಎಂದು ಬರೆದಿದ್ದಳು. ನಾನು ‘ಥ್ಯಾಂಕ್ಸ್’ ಎಂದಿದ್ದೆ. ದೊಡ್ಡಕ್ಕನ ಹೆಸರು ಹೇಳಿರಲಿಲ್ಲ.

ವರ್ಷ ಕಳೆದು, 2019ರ ದೀಪಾವಳಿ ಮುಗಿದ ಮೇಲೆ, ತಡೆಯಲಾರದೆ ದೊಡ್ಡಕ್ಕನ ಮನೆಗೆ ಹೋದೆ. “ದೊಡ್ಡಕ್ಕಾ, ದಾರಿ ಹೇಳಿದ್ದು ನಾನೇ” ಎಂದೆ. ಆಕೆ ಅಡಿಕೆ ಸುಲಿಯುತ್ತಿದ್ದಳು. ಮೆಟ್ಟುಗತ್ತಿಯ ಮೇಲಿನ ಕೈ ನಿಲ್ಲಲಿಲ್ಲ. “ಗೊತ್ತಿತ್ತು ಅಕ್ಕೋರೇ” ಎಂದಳು. ಬಂದವರಲ್ಲಿ ಒಬ್ಬಳು ನನ್ನ ಹೆಸರು ಹೇಳಿದ್ದಳಂತೆ.

ಬೈದಿದ್ದರೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಮಾತು ತೆಗೆದಳು. “ನಂಗೂ ನಮ್ಮತ್ತೆ ಯಾರಿಗೂ ಹೇಳ್ಬ್ಯಾಡ ಅಂದಿದ್ಳು. ನಾನು ನಿಮ್ಮನ್ನ ಕರ್ಕಂಡು ಹೋಗ್ಲಿಲ್ಲಾ? ಮೊದ್ಲು ಮಾತು ಮುರಿದವ್ಳು ನಾನೇಯ. ಕಾಲು ಕೊಯ್ದಾಗ ಅದೇ ನೆನಪಾತು.” ನಾನು ದಂಗಾದೆ. ಇಡೀ ವರ್ಷ ಅಪರಾಧಿ ನಾನೊಬ್ಬಳೇ ಎಂದುಕೊಂಡಿದ್ದೆ, ಈಕೆ ಜಗುಲಿಯಲ್ಲಿ ಕಾಲು ಚಾಚಿ ಕೂತು ಅದನ್ನೇ ತನ್ನ ಮೇಲೆ ಹೊತ್ತುಕೊಂಡಿದ್ದಳು. “ಮತ್ತೆ ನನ್ನನ್ನು ಯಾಕೆ ಕರೆದುಕೊಂಡು ಹೋದೆ?” ಎಂದು ಕೇಳಿದೆ. “ಒಬ್ಳೇ ಎಷ್ಟು ವರ್ಷ ನೋಡೂದು? ಒಬ್ರಿಗಾದ್ರೂ ತೋರ್ಸ್ದೇ ಇದ್ರೆ ನೋಡಿದ್ದೂ ಸಪ್ಪೆ. ಆದ್ರೆ ನಾನು ಸಂತಿಗೆ ಬಂದು ನಿಂತು ಕೂಗ್ಲಿಲ್ಲ, ಅಕ್ಕೋರೇ. ಕೈ ಹಿಡ್ದು ಕರ್ಕಂಡು ಹೋದೆ.”

ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇದೇ. ದಾರಿ ಹೇಳುವುದು ಬೇರೆ, ಕರೆದುಕೊಂಡು ಹೋಗುವುದು ಬೇರೆ. ಕರೆದುಕೊಂಡು ಹೋದವರು ಜತೆಗಿರುತ್ತಾರೆ. ಚಪ್ಪಲಿ ಎಲ್ಲಿ ಬಿಡಬೇಕು, ಯಾವ ಬಂಡೆ ಜಾರುತ್ತದೆ, ಈ ನೀರನ್ನು ಕೆಳಗೆ ಯಾರು ಕುಡಿಯುತ್ತಾರೆ ಎಂದು ನಡೆಯುತ್ತ ನಡೆಯುತ್ತ ಹೇಳುತ್ತಾರೆ. ಬಂದವರು ತಪ್ಪಿದರೆ ತಾವು ಹೊಣೆಯಾಗುತ್ತಾರೆ. ದಾರಿ ಮಾತ್ರ ಹೇಳಿದವರು ಮನೆಯಲ್ಲಿ ಕೂತಿರುತ್ತಾರೆ. ಹಾಗೆ ನೋಡಿದರೆ ಪಾಠ ಹೇಳುವುದೂ ಹೀಗೆಯೇ ಅಲ್ಲವೇ? ಗೈಡು ದಾರಿ ಹೇಳುತ್ತದೆ, ಟೀಚರು ಜತೆಗೆ ನಡೆಯಬೇಕು. ಅಷ್ಟು ವರ್ಷ ಪಾಠ ಮಾಡಿದರೂ ಇದು ನನಗೆ ಹೊಳೆದದ್ದು ಅಡಿಕೆ ಸುಲಿಯುವ ದೊಡ್ಡಕ್ಕನ ಮುಂದೆ ಕೂತಾಗ.

ಆ ಡಿಸೆಂಬರಿನಲ್ಲಿ ನನ್ನ ಹಳೆಯ ಶಾಲೆಯ ಮಕ್ಕಳೊಡನೆ ಎರಡು ದಿನ ಅಬ್ಬಿಯ ಸುತ್ತ ಬಾಟಲಿ, ಪ್ಲಾಸ್ಟಿಕ್ ಆರಿಸಿದೆವು. ಹನ್ನೊಂದು ಗೋಣಿಚೀಲ ತುಂಬಿತು. ಗಾಜನ್ನು ಮಕ್ಕಳ ಕೈಗೆ ಕೊಡದೆ ನಾನೇ ಆರಿಸಿದೆ. ಮರುವರ್ಷ ಲಾಕ್‌ಡೌನ್ ಬಂದು ಯಾರೂ ಬರಲಿಲ್ಲ. ಆಮೇಲೆ ಊರವರೇ ಗದ್ದೆಯ ಬಳಿ ಗಳು ಅಡ್ಡ ಕಟ್ಟಿದರು. ಅಲ್ಲಿಂದ ಮುಂದೆ ಗಾಡಿ ಬಿಡುವುದಿಲ್ಲ, ಊರಿನವರೊಬ್ಬರು ಜತೆಗಿಲ್ಲದೆ ಯಾರನ್ನೂ ಬಿಡುವುದಿಲ್ಲ. ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಗಾಡಿಯಿಂದ ಇಳಿದು ನಡೆಯಬೇಕು ಎಂದ ಕೂಡಲೇ ಅನೇಕರಿಗೆ ಜಲಪಾತದ ಮೇಲಿನ ಪ್ರೀತಿ ಕಡಿಮೆಯಾಗುತ್ತದೆ!

ಇಷ್ಟೆಲ್ಲ ತಿಳಿದ ಮೇಲೂ ಬಸ್ ನಿಲ್ದಾಣದಲ್ಲಿ ನಾನು ‘ಗೊತ್ತಿಲ್ಲ’ ಎಂದದ್ದು ಯಾಕೆ? ಹೆದರಿಕೆ. ಒಮ್ಮೆ ಕೈ ಸುಟ್ಟುಕೊಂಡವರು ತಣ್ಣಗಿನ ಪಾತ್ರೆಯನ್ನೂ ಮುಟ್ಟಲು ಅಂಜುವುದಿಲ್ಲವೇ, ಹಾಗೆ. ಆದರೆ ನನ್ನ ಹೆದರಿಕೆಗೆ ಆ ಹೆಂಗಸು ಯಾಕೆ ದಂಡ ತೆರಬೇಕು? ಅವರು ಕಾರಿನಲ್ಲಿ ಬಂದವರಲ್ಲ. ಬಸ್ಸಿನಲ್ಲಿ, ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಮಗುವಿನ ಕೊರಳಿಗೆ ಮನೆಯಿಂದ ತಂದ ನೀರು ಕಟ್ಟಿಕೊಂಡು ಬಂದವರು. ಅವಳಿಗೂ ವರ್ಷಕ್ಕೆ ಸಿಗುವ ಒಂದೇ ದಿನ ಅದಾಗಿತ್ತೋ ಏನೋ. ಮಾಡದ ತಪ್ಪಿಗೆ ಅವಳನ್ನು ಮೊದಲೇ ಅಪರಾಧಿ ಎಂದು ತೀರ್ಮಾನಿಸಿಬಿಟ್ಟೆ. ನನ್ನ ಸುಳ್ಳಿನಲ್ಲಿದ್ದ ದೊಡ್ಡ ತಪ್ಪು ಇದು. ದಾರಿ ಹೇಳದಿರುವ ಹಕ್ಕು ನನಗಿತ್ತು. ‘ಗೊತ್ತಿದೆ, ಆದರೆ ಹೀಗೆ ಹೇಳುವಂಥದ್ದಲ್ಲ. ಇಂಥ ಊರಿಗೆ ಹೋಗಿ ಕೇಳಿ, ಜತೆಗೆ ಬರುತ್ತಾರೆ’ ಎನ್ನಬಹುದಿತ್ತು. ‘ಭಾನುವಾರ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ’ ಎಂದೂ ಎನ್ನಬಹುದಿತ್ತು. ಅದಕ್ಕೆ ನನ್ನ ಒಂದು ಭಾನುವಾರ ಖರ್ಚಾಗುತ್ತಿತ್ತು. ಸುಳ್ಳು ಸುಲಭವಾಗಿತ್ತು, ಅದಕ್ಕೇ ಸುಳ್ಳು ಹೇಳಿದೆ.

ಇಷ್ಟು ಓದಿದ ನೀವು, ಅಬ್ಬಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ನಾನು ಇಲ್ಲಿ ಬರೆದಿಲ್ಲ ಎಂಬುದನ್ನು ಗಮನಿಸಿರುತ್ತೀರಿ. ದಯವಿಟ್ಟು ಬೇಸರಿಸಬೇಡಿ. ನಿಮ್ಮ ಮೇಲೆ ಅಪನಂಬಿಕೆಯಿಂದಲ್ಲ, ಪುಸ್ತಕವೊಂದು ಯಾರ ಕೈಯನ್ನೂ ಹಿಡಿದು ನಡೆಯಲಾರದು ಎಂಬ ಕಾರಣಕ್ಕೆ. ನಿಮ್ಮ ಊರಿನ ಆಸುಪಾಸಿನಲ್ಲೂ ಮಳೆಗಾಲಕ್ಕೆ ಮಾತ್ರ ಎದ್ದು ಬರುವ ಇಂಥ ಒಂದು ನೀರು ಇದ್ದೀತು, ಅದರ ದಾರಿ ಬಲ್ಲ ಒಬ್ಬಾಕೆಯೂ ಇದ್ದಾಳು. ಮೊದಲು ಅವಳನ್ನು ಹುಡುಕಿ.

ದೊಡ್ಡಕ್ಕನಿಗೆ ಈಗ ಅರವತ್ತೈದು ದಾಟಿದೆ. ಅಡುಗೆಯ ಕೆಲಸ ಬಿಟ್ಟಿದ್ದಾಳೆ. ಅಂಗಾಲಿನ ಗಾಯ ಮಾಸಿದೆ, ಆದರೆ ಏರು ಹತ್ತುವಾಗ ಆ ಕಾಲನ್ನು ಸ್ವಲ್ಪ ಹಗುರವಾಗಿ ಇಡುತ್ತಾಳೆ. ಶ್ರಾವಣದ ನಮ್ಮ ಭಾನುವಾರ ಮಾತ್ರ ತಪ್ಪಿಲ್ಲ. ಇನ್ನು ಚಪ್ಪಲಿ ಹಾಕಿಕೊಂಡೇ ನಡೆ, ಆ ಕಲ್ಲು ಏನೂ ಅಂದುಕೊಳ್ಳುವುದಿಲ್ಲ ಎಂದು ನಾನು ಎಷ್ಟೋ ಸಲ ಹೇಳಿ ನೋಡಿದೆ. ಕೇಳುವುದಿಲ್ಲ. ಅದೇ ತಿರುವಿನಲ್ಲಿ ನಿಂತು, ಬಗ್ಗಿ, ಚಪ್ಪಲಿ ತೆಗೆದು ಮತ್ತಿ ಮರದ ಬುಡದಲ್ಲಿ ಜೋಡಿಸಿಡುತ್ತಾಳೆ. ಮೊದಲೆಲ್ಲ ಅಲ್ಲಿಂದ ಆಕೆ ಮುಂದೆ, ನಾನು ಹಿಂದೆ. ಈಗ ಆ ತಿರುವಿನಿಂದ ಅಬ್ಬಿಯವರೆಗೆ ನಾನು ಮುಂದೆ ನಡೆಯುತ್ತೇನೆ, ಕೈಯಲ್ಲೊಂದು ಕೋಲು ಹಿಡಿದು ಎಲೆಹಾಸನ್ನು ಸರಿಸಿ ನೋಡುತ್ತ.